ಆರುವ ಬಾಯ್ಲರಿಗೆ ನೂರು ವೈದ್ಯರು

ಇಂಗ್ಲೆಂಡಿನವರು ಮೂರು ಹೊತ್ತೂ ಹವಾಮಾನದ ಮಾತಾಡುತ್ತಾರೆ ಎಂದು ಇಲ್ಲಿಗೆ ಬರುವ ಮೊದಲು ಎಲ್ಲರೂ ಹೇಳಿದ್ದರು. ಅದು ಬೇಸಿಗೆಗೆ ಮಾತ್ರ ಹೊಂದುವ ಮಾತು. ಅಕ್ಟೋಬರ್ ಕೊನೆಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದೇ ತಡ, ಲೀಡ್ಸಿನ ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಬಾಯ್ಲರ್. ಯಾರ ಮನೆಯದು ಕೆಟ್ಟಿತು, ಯಾರ ಮನೆಯದು ಕೆಡುವ ಸೂಚನೆ ಕೊಟ್ಟಿದೆ, ಯಾರು ಹೊಸದು ಹಾಕಿಸಿದರು, ಅದಕ್ಕೆ ಎಷ್ಟು ವರ್ಷದ ವಾರಂಟಿ. ಮಗಳ ಮದುವೆಯ ಸುದ್ದಿಯನ್ನು ಎರಡೇ ಮಾತಿನಲ್ಲಿ ಮುಗಿಸಿದ ಪಕ್ಕದ ಮನೆಯ ಅಜ್ಜ, ಬಾಯ್ಲರಿನ ವಿಷಯ ಬಂತೆಂದರೆ ಬೇಲಿಗೆ ಮೊಣಕೈ ಊರಿ ನಿಂತುಬಿಡುತ್ತಾರೆ. ಮಳೆ ಬಂದರೂ ಕದಲುವುದಿಲ್ಲ.

ಊರಿನಲ್ಲಿರುವ ಓದುಗರಿಗೆ ಈ ಬಾಯ್ಲರಿನ ಪರಿಚಯ ಮಾಡಿಸದೆ ಮುಂದೆ ಹೋಗುವಂತಿಲ್ಲ. ಹಳೇ ಹೋಟೆಲುಗಳಲ್ಲಿ ಇದ್ದಿಲು ಹಾಕಿ ನೀರು ಕಾಯಿಸುತ್ತಿದ್ದ ತಾಮ್ರದ ಬಾಯ್ಲರ್ ಇದಲ್ಲ. ಸಕ್ಕರೆ ಕಾರ್ಖಾನೆಯ ದೈತ್ಯನೂ ಅಲ್ಲ. ಅಡುಗೆಮನೆಯ ಗೋಡೆಯ ಮೇಲೆ, ಕಪಾಟುಗಳ ಸಾಲಿನಲ್ಲೇ ತೂಗುಹಾಕಿದ ಒಂದು ಬಿಳಿ ತಗಡಿನ ಪೆಟ್ಟಿಗೆ. ಇಲ್ಲಿಯವರು ಕಾಂಬಿ ಎನ್ನುತ್ತಾರೆ, ಏಕೆಂದರೆ ಅದಕ್ಕೆ ಎರಡು ಚಾಕರಿ. ಬಿಸಿನೀರಿನ ನಲ್ಲಿ ತಿರುಗಿಸಿದರೆ ಹರಿಯುವ ನೀರನ್ನು ಆ ಕ್ಷಣಕ್ಕೇ ಕಾಯಿಸಿ ಕೊಡಬೇಕು. ಉಳಿದ ಹೊತ್ತಿನಲ್ಲಿ ಕೋಣೆಕೋಣೆಗೂ ಗೋಡೆಗಂಟಿ ನಿಂತ ರೇಡಿಯೇಟರುಗಳಿಗೆ ಬಿಸಿನೀರು ತಳ್ಳಿ ಮನೆಯನ್ನು ಬೆಚ್ಚಗಿಡಬೇಕು. ರೇಡಿಯೇಟರಿಗೆ ಹೋಗುವ ನೀರು ಸ್ನಾನದ ನೀರಲ್ಲ. ಅದು ಬೇರೆಯೇ ನೀರು. ಒಮ್ಮೆ ತುಂಬಿಸಿ ಮುಚ್ಚಿದ್ದು, ಪಂಪು ತಿರುಗಿಸಿದಂತೆಲ್ಲ ಮನೆ ಸುತ್ತುತ್ತಲೇ ಇರುತ್ತದೆ. ವರ್ಷಗಳು ಕಳೆದಂತೆ ಒಳಗಿನ ಕಬ್ಬಿಣ ಕರಗಿ ಕಾಡಿಗೆಯಷ್ಟು ಕಪ್ಪಾಗುತ್ತದೆ.

ಚಳಿಗಾಲ ನೋಡಬೇಕೆಂದು ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆಗೆ ಈ ಸಂಗತಿ ತಿಳಿದ ದಿನ ಅರ್ಧ ಗಂಟೆ ಮಾತೇ ಹೊರಡಲಿಲ್ಲ. ಆಮೇಲೆ ಕೇಳಿದರು: “ಅಂದ್ರೆ ಎಂತ ಮಾರಾಯ್ತಿ, ನಿಮ್ಮ ಮನೆ ಗೋಡೆ ಒಳಗೆ ಹನ್ನೆರಡು ವರ್ಷದ ಹಳೇ ನೀರು ತಿರುಗ್ತಾ ಉಂಟಾ? ಅದ್ರ ಮೇಲೆ ನೀನು ನನ್ನ ಮಡಿ ಸೀರೆ ಒಣಗಿಸ್ಲಿಕ್ಕೆ ಹಾಕಿದ್ಯಾ?”

ಇನ್ನು ರೋಗದ ವಿಷಯ. ಪೂರ್ತಿ ಕೆಟ್ಟ ಬಾಯ್ಲರಿಗೆ ದಾರಿಯುಂಟು, ಹೊಸದು ತಂದರಾಯಿತು. ನಮ್ಮದು ಕೆಟ್ಟಿರಲಿಲ್ಲ. ಆರುತ್ತಿತ್ತು. ಬೆಳಿಗ್ಗೆ ಚೆನ್ನಾಗಿ ಉರಿಯುವುದು, ಎಲ್ಲರೂ ಕೆಲಸಕ್ಕೆ ಹೋದಾಗ ಖಾಲಿ ಮನೆಯನ್ನು ಮನಸಾರೆ ಕಾಯಿಸುವುದು, ಸಂಜೆ ನಾಲ್ಕು ಜನ ನೆಂಟರು ಬಂದು ಕೋಟು ಬಿಚ್ಚಿ ಕೂತರೋ ಇಲ್ಲವೋ, ಟಕ್ ಎಂದು ನಿಲ್ಲುವುದು. ಎದುರಿನ ಪುಟ್ಟ ಪರದೆಯಲ್ಲಿ ಒಂದು ಅಕ್ಷರ, ಎರಡು ಅಂಕಿ ಮಿಣುಕತೊಡಗುತ್ತವೆ. ಅದರ ಅರ್ಥ ತಿಳಿಯಲು ಬಾಯ್ಲರಿನ ಜೊತೆ ಬಂದ ಪುಸ್ತಕ ಬೇಕು. ಮನೆ ಮಾರಿದವರು ಗ್ಯಾರೇಜಿನ ಬೀಗದಕೈಯಿಂದ ಹಿಡಿದು ತೋಟದ ಗೊಂಬೆಯವರೆಗೆ ಎಲ್ಲವನ್ನೂ ಬಿಟ್ಟುಹೋಗಿದ್ದರು, ಆ ಪುಸ್ತಕವೊಂದನ್ನು ಬಿಟ್ಟು. ಒಂದು ಕಂಪನಿಯ ಗುರುತು ಇನ್ನೊಂದರ ಯಂತ್ರಕ್ಕೆ ಹೊಂದುವುದಿಲ್ಲವಾದ್ದರಿಂದ ಬೀದಿಯವರ ಪುಸ್ತಕಗಳಿಂದಲೂ ಉಪಯೋಗವಿಲ್ಲ.

ಕೆಳಗೊಂದು ರೀಸೆಟ್ ಗುಂಡಿಯಿದೆ. ಒತ್ತಿ ಹಿಡಿದರೆ ಆದದ್ದನ್ನೆಲ್ಲ ಮರೆತು ಮೊದಲಿನಿಂದ ಶುರು ಮಾಡುತ್ತದೆ. ಸಂಸಾರದಲ್ಲೂ ಇಂಥದೊಂದು ಗುಂಡಿ ಇರಬೇಕಿತ್ತು ಎಂದು ನಮ್ಮವರು ಒಮ್ಮೆ ಅಂದರು. ನನಗೆ ಕೇಳಿಸಲಿಲ್ಲ.

ಗುಂಡಿ ಒತ್ತಿದ ಮೇಲೆ ಪೆಟ್ಟಿಗೆಗೆ ಕಿವಿಗೊಟ್ಟು ನಿಲ್ಲುವುದು ಆ ದಿನಗಳಲ್ಲಿ ನಮ್ಮೆಲ್ಲರ ಕೆಲಸವಾಯಿತು. ಮೊದಲು ಒಳಗಿನ ಫ್ಯಾನು ಗುಂಯ್ ಎಂದು ತಿರುಗುತ್ತದೆ; ಹೊಗೆ ಹೋಗುವ ದಾರಿ ತೆರವಾಗಿದೆಯೇ, ಗಾಳಿ ಬರುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವ ಹೊತ್ತು ಅದು. ಆಮೇಲೆ ಟಿಕ್ ಟಿಕ್ ಟಿಕ್ ಎಂದು ಕಿಡಿ. ಗ್ಯಾಸಿನ ಕವಾಟ ತೆರೆದುಕೊಂಡು ಭುಸ್ ಎಂದು ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡಿದ್ದು ಬಾಯ್ಲರಿಗೆ ತಿಳಿಯುವ ಬಗೆ ಚಂದವಾಗಿದೆ. ಜ್ವಾಲೆಯೊಳಗೆ ಒಂದು ಲೋಹದ ಕಡ್ಡಿ ಚಾಚಿಕೊಂಡಿರುತ್ತದೆ. ಬೆಂಕಿಯಲ್ಲಿ ವಿದ್ಯುತ್ ಹರಿಯುತ್ತದೆ, ಆದರೆ ತೀರಾ ಅಷ್ಟಿಷ್ಟು. ಆಂಪಿಯರಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುವಷ್ಟು. ಆ ಎಳೆ ಸಿಕ್ಕಿದರೆ ಬೆಂಕಿ ಇದೆ ಎಂದರ್ಥ. ಕೆಲವು ಸೆಕೆಂಡುಗಳಲ್ಲಿ ಸಿಗದಿದ್ದರೆ ಗ್ಯಾಸು ಬಂದ್. ಹಲವು ಸಲ ಪ್ರಯತ್ನಿಸಿಯೂ ಸಿಗದಿದ್ದರೆ ಬಾಗಿಲು ಹಾಕಿಕೊಂಡು ಕೂರುತ್ತದೆ, ಮನುಷ್ಯರು ಬಂದು ಗುಂಡಿ ಒತ್ತುವವರೆಗೆ ಏಳುವುದಿಲ್ಲ. ಅತ್ತೆ ಒಂದೇ ವಾರದಲ್ಲಿ ಈ ಸದ್ದುಗಳನ್ನೆಲ್ಲ ಕಂಠಪಾಠ ಮಾಡಿಕೊಂಡು, ಹಾಲಿನಲ್ಲಿ ಕೂತು ಬಟಾಣಿ ಸುಲಿಯುತ್ತಲೇ “ಗಾಳಿ ಆಯ್ತು, ಕಿಡಿ ಆಯ್ತು, ಹ್ಞಾ ಹತ್ತಿತು” ಎಂದು ವೀಕ್ಷಕ ವಿವರಣೆ ಕೊಡತೊಡಗಿದರು. ನಮ್ಮ ಮನೆಯ ಪೆಟ್ಟಿಗೆ ಹೊತ್ತಿಕೊಳ್ಳುವುದರಲ್ಲಿ ಎಂದೂ ತಪ್ಪಲಿಲ್ಲ. ಅದರ ತಕರಾರು ಬೇರೆ ಇತ್ತು.

ಏನು ತಕರಾರು ಎಂದು ಹೇಳಲು ಜನ ಮುಗಿಬಿದ್ದರು.

ಪಕ್ಕದ ಮನೆಯ ಅಜ್ಜನ ಪ್ರಕಾರ ಜಗತ್ತಿನ ಬಾಯ್ಲರುಗಳೆಲ್ಲ ನಿಲ್ಲುವುದು ಒಂದೇ ಕಾರಣಕ್ಕೆ, ಹಿತ್ತಿಲ ಗೋಡೆಯಿಂದ ಇಳಿಯುವ ಬಿಳಿ ಪ್ಲಾಸ್ಟಿಕ್ ಪೈಪು ಹೆಪ್ಪುಗಟ್ಟಿ. ಅವರ ಈ ನಂಬಿಕೆಗೆ ಇತಿಹಾಸದ ಬಲವಿದೆ. ಇಂಗ್ಲೆಂಡಿನಲ್ಲಿ 2005ರಿಂದ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರುಗಳೆಲ್ಲ, ಅಪರೂಪದ ವಿನಾಯಿತಿ ಬಿಟ್ಟರೆ, ಕಂಡೆನ್ಸಿಂಗ್ ಬಗೆಯವೇ ಆಗಿರಬೇಕೆಂದು ನಿಯಮ ಬಂತು. ಹಳೆಯ ಬಾಯ್ಲರುಗಳು ಹೊಗೆಯ ಜೊತೆ ಹಬೆಯನ್ನೂ ಅದರ ಶಾಖವನ್ನೂ ಆಕಾಶಕ್ಕೆ ಬಿಡುತ್ತಿದ್ದವು. ಹೊಸವು ಆ ಹಬೆಯನ್ನು ಒಳಗೇ ತಣಿಸಿ, ಶಾಖವನ್ನು ಹಿಂಡಿಕೊಂಡು, ಉಳಿದ ನೀರನ್ನಷ್ಟೇ ಹೊರಗೆ ತೊಟ್ಟಿಕ್ಕಿಸುತ್ತವೆ. ತುಸು ಹುಳಿಯಾದ ಆ ನೀರು ಹೊರಹೋಗುವ ಪೈಪನ್ನು ಮೇಸ್ತ್ರಿಗಳು ತೆಳ್ಳಗಿನದನ್ನೇ ತಂದು, ಬೋಳು ಗೋಡೆಯ ಮೇಲೇ ಹಾಯಿಸಿದರು. 2010ರ ಡಿಸೆಂಬರ್ ಬಂತು. ಬ್ರಿಟನ್ನಿನಲ್ಲಿ ನೂರು ವರ್ಷದ ದಾಖಲೆಯಲ್ಲೇ ಅಷ್ಟು ಚಳಿಯ ಡಿಸೆಂಬರ್ ಇರಲಿಲ್ಲ. ಪೈಪುಗಳು ಹೆಪ್ಪುಗಟ್ಟಿದವು, ನೀರು ಹಿಂದಕ್ಕೆ ಏರಿತು, ದೇಶದ ಉದ್ದಗಲಕ್ಕೂ ಬಾಯ್ಲರುಗಳು ಗುಳುಗುಳು ಎಂದು ನಿಂತವು. ಹೆಚ್ಚು ಉಳಿತಾಯದ ಯಂತ್ರ ಹೆಚ್ಚು ಚಳಿಯ ದಿನವೇ ಕೈಕೊಟ್ಟಿತು. ಅಂದು ಅಜ್ಜ ಒಂದು ಜಗ್ಗು ಬಿಸಿನೀರು ಹಿಡಿದು ಬೀದಿಯ ಪೈಪುಗಳನ್ನೆಲ್ಲ ಕರಗಿಸಿ ಬಂದರಂತೆ. ಕುದಿಯುವ ನೀರಲ್ಲ, ಕೈ ತಾಳುವಷ್ಟು ಬಿಸಿಯದು. ಕುದಿನೀರು ಹೊಯ್ದರೆ ಪೈಪು ಸೀಳಬಹುದು. ಅವರ ಚಿಕಿತ್ಸೆಯಲ್ಲಿ ಲೋಪವೇನಿಲ್ಲ. ಹೊರಗೆ ಹನ್ನೆರಡು ಡಿಗ್ರಿ ಇದ್ದ ಅಕ್ಟೋಬರಿನ ಮಧ್ಯಾಹ್ನ ನಮ್ಮ ಪೈಪಿಗೂ ಅದನ್ನೇ ಮಾಡಿದರು, ಅಷ್ಟೆ. ಬಾಯ್ಲರ್ ಹತ್ತಿತು. ಇನ್ನೊಬ್ಬರು ಅದೇ ಹೊತ್ತಿಗೆ ಒಳಗೆ ರೀಸೆಟ್ ಒತ್ತಿದ್ದನ್ನು ಹೇಳಿ ಅವರ ಸಂತೋಷ ಕೆಡಿಸಲು ನಮಗೆ ಮನಸ್ಸಾಗಲಿಲ್ಲ.

ರೆಡಿಂಗಿನಲ್ಲಿರುವ ನಮ್ಮ ಗೆಳತಿ ಫೋನಿನಲ್ಲೇ ಸುಣ್ಣ ಎಂದಳು. ಥೇಮ್ಸ್ ಕಣಿವೆಯ ನೀರು ಸೀಮೆಸುಣ್ಣದ ಬಂಡೆಗಳಲ್ಲಿ ಇಳಿದು ಬರುವಂಥದ್ದು. ಕೆಟಲಿನಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ, ಬಾಯ್ಲರಿನ ಒಳಗೂ ಕಟ್ಟಿ, ಕಾಯುವಾಗ ನೀರು ಕುದಿದಂತೆ ಸದ್ದು ಮಾಡಿ, ಅತಿಬಿಸಿಯಾಗಿ ಆರುತ್ತದೆ. ಅವಳ ಊರಿಗೆ ನಿಜ. ನಮ್ಮ ಲೀಡ್ಸಿನ ನೀರು ಮೆದು, ಸೋಪು ಹಚ್ಚಿದರೆ ನೊರೆ ತೊಳೆದು ಮುಗಿಯುವುದಿಲ್ಲ. ಆಫೀಸಿನವರೊಬ್ಬರು ಗೋಡೆಯ ಥರ್ಮೋಸ್ಟಾಟಿನ ಬ್ಯಾಟರಿ ಬದಲಿಸಿ ನೋಡಿ ಎಂದರು. ಇದು ಸಣ್ಣ ಮಾತೆಂದು ನಗಬಾರದು: ಎರಡು ಪೆನ್ಸಿಲ್ ಬ್ಯಾಟರಿ ಮುಗಿದದ್ದಕ್ಕೆ ರಿಪೇರಿಯವನನ್ನು ಕರೆಸಿ ಬರಿ ಭೇಟಿಗೇ ದುಡ್ಡು ತೆತ್ತ ಮನೆಗಳು ಇಲ್ಲಿ ಬೇಕಾದಷ್ಟಿವೆ. ಬ್ಯಾಟರಿ ಬದಲಿಸಿದೆವು. ಥರ್ಮೋಸ್ಟಾಟಿನ ಬೆಳಕು ಪ್ರಖರವಾಯಿತು.

ಈ ನಡುವೆ ನಮ್ಮವರಿಗೆ ಬಾಯ್ಲರಿನ ಹೊಟ್ಟೆಯ ಕೆಳಗಿರುವ ಒತ್ತಡದ ಗಡಿಯಾರ ಕಣ್ಣಿಗೆ ಬಿತ್ತು. ತಣ್ಣಗಿರುವಾಗ ಅದರ ಮುಳ್ಳು 1 ಮತ್ತು 1.5 ಬಾರ್ ನಡುವೆ, ಹಸಿರು ಪಟ್ಟಿಯಲ್ಲಿರಬೇಕು. ನಮ್ಮದು ಕೆಂಪಿನಲ್ಲಿ, ಸೊನ್ನೆಯ ಹತ್ತಿರ ಮಲಗಿತ್ತು. ಒಳಗಿನ ನೀರಿನ ಒತ್ತಡ ಅಷ್ಟು ಇಳಿದರೆ ಬಾಯ್ಲರ್ ಉರಿಯಲೊಲ್ಲದು. ಅದಕ್ಕೆ ಮದ್ದೂ ಅಲ್ಲೇ ಇದೆ: ಉಕ್ಕಿನ ಜಾಲರಿ ಹೊದೆಸಿದ ಒಂದು ಗಿಡ್ಡ ಕೊಳವೆ, ಅದರ ತುದಿಗೆ ತಿರುಪು. ತಿರುಗಿಸಿದರೆ ಬೀದಿಯ ನಲ್ಲಿನೀರು ಸುಂಯ್ ಎಂದು ಒಳನುಗ್ಗಿ ಮುಳ್ಳು ಏಳುತ್ತದೆ. ನಮ್ಮವರು ಬೆಳಿಗ್ಗೆ ಎದ್ದು ಮುಖ ತೊಳೆದು, ದೇವರ ಮುಂದೆ ಕೈಮುಗಿದು, ಅಡುಗೆಮನೆಗೆ ಬಂದು ಮೊಣಕಾಲೂರಿ ಆ ತಿರುಪು ತಿರುಗಿಸುವುದನ್ನು ನಿತ್ಯವಿಧಿ ಮಾಡಿಕೊಂಡರು. ಸಂಜೆಗೆ ಮುಳ್ಳು ಮತ್ತೆ ಮಲಗಿರುತ್ತಿತ್ತು. ಹೋದ ನೀರು ಎಲ್ಲಿಗೆ ಹೋಯಿತು? ಕಾರ್ಪೆಟ್ ಒಣಗಿತ್ತು, ಗೋಡೆ ಒಣಗಿತ್ತು, ಚಾವಣಿಯಲ್ಲಿ ಕಲೆಯಿರಲಿಲ್ಲ. ಅತ್ತೆ ಸಂಶಯದಿಂದ ಪೆಟ್ಟಿಗೆಯನ್ನೇ ನೋಡಿ, “ಕುಡೀತದೆ ಅದು” ಎಂದರು.

ನರಕ ಚತುರ್ದಶಿ ಬಂತು. ಅಭ್ಯಂಜನದ ವಿಷಯದಲ್ಲಿ ಅತ್ತೆಯ ಜೊತೆ ರಾಜಿಯಿಲ್ಲ. ಊರಿನಲ್ಲಾದರೆ ಹಿಂದಿನ ಸಂಜೆಯೇ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಕೊರಳಿಗೆ ಹಿಂಡಲೆಕಾಯಿ ಬಳ್ಳಿ ಸುತ್ತಿ, ಶೇಡಿ ಕೆಮ್ಮಣ್ಣು ಬಳಿದು ನೀರು ತುಂಬಿಸಬೇಕು. ಇಲ್ಲಿ ಬಳ್ಳಿ ಸುತ್ತಲು ಹಂಡೆಯಿಲ್ಲ. ಅತ್ತೆ ಸ್ವಲ್ಪ ಯೋಚಿಸಿ, ಬಾಯ್ಲರಿನ ತಗಡಿಗೇ ಕುಂಕುಮವಿಟ್ಟು, ಮೇಲೊಂದು ಚೆಂಡುಹೂವು ಇಟ್ಟರು. ಬೆಳಗಿನ ಐದಕ್ಕೆ ಮನೆಯವರನ್ನೆಲ್ಲ ಎಬ್ಬಿಸಿ ಕೂರಿಸಿ ನೆತ್ತಿಯಿಂದ ಪಾದದವರೆಗೆ ಎಣ್ಣೆ ಹಚ್ಚಿದರು. ಲಂಡನ್ನಿನಿಂದ ಹಬ್ಬಕ್ಕೆಂದು ಬಂದಿದ್ದ ನಾದಿನಿಯ ಗಂಡನನ್ನೂ ಬಿಡಲಿಲ್ಲ. ಅವರೇ ಮೊದಲು ಸ್ನಾನಕ್ಕೆ ಹೋದರು. ಎರಡು ನಿಮಿಷ ಕಳೆದಿರಲಿಲ್ಲ, ಕೆಳಗೆ ಟಕ್ ಎಂದಿತು, ಮೇಲಿನಿಂದ ಒಂದು ಕೂಗು ಕೇಳಿತು.

ತಿರುಪು ತಿರುಗಿಸಲು ಮೊಣಕಾಲೂರಿದ ನಮ್ಮವರ ಎಣ್ಣೆಗೈಗೆ ತಿರುಪು ನಿಲ್ಲಲಿಲ್ಲ. ಬಟ್ಟೆಯಲ್ಲಿ ಹಿಡಿದರೆ ಬಟ್ಟೆ ಜಾರಿತು. ಕೊನೆಗೆ ಉಳಿದದ್ದು ಕೆಟಲು. ಒಂದು ಸಲಕ್ಕೆ 1.7 ಲೀಟರ್ ಕಾಯಿಸುತ್ತದೆ. ಚಹಾ ಕುಡಿಯುವ ಜನಾಂಗಕ್ಕೆ ಸಾಕು, ಅಭ್ಯಂಜನ ಮಾಡುವ ಜನಾಂಗಕ್ಕೆ ಸಾಲದು. ಒಲೆಯ ನಾಲ್ಕೂ ಉರಿಗಳ ಮೇಲೆ ಪಾಯಸದ ಪಾತ್ರೆ, ಕುಕ್ಕರು, ಇಡ್ಲಿ ಅಟ್ಟ ಎಲ್ಲ ಏರಿದವು. ಆಮೇಲೆ ಗೊತ್ತಾಯಿತು, ಈ ಮನೆಯಲ್ಲಿ ಬಕೆಟ್ಟೇ ಇಲ್ಲ. ಇಂಗ್ಲಿಷರ ಬಚ್ಚಲಿಗೆ ಬಕೆಟ್ಟಿನ ಹಂಗಿಲ್ಲ. ನೆಲ ಒರೆಸುವ ಬಕೆಟ್ಟಿಗೆ ಅತ್ತೆ ಒಪ್ಪಲಿಲ್ಲ. ಕಾಗದ ಹಾಕುವ ಹೊಸ ಪ್ಲಾಸ್ಟಿಕ್ ಡಬ್ಬಿಯೊಂದು ಸಿಕ್ಕಿ ಹಬ್ಬ ಉಳಿಯಿತು.

ಎಲ್ಲರ ಸರದಿ ಮುಗಿಯುವಷ್ಟರಲ್ಲಿ ಅತ್ತೆ ತಮ್ಮ ಬಚ್ಚಲ ಒಲೆಯ ಶಾಸ್ತ್ರವನ್ನು ಪೂರ್ತಿ ಹೇಳಿದ್ದರು. ಆ ಮನೆಯಲ್ಲಿ ಹಂಡೆಗೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಒಂದು ದಪ್ಪ ಕುಂಟೆ. ಬೆಂಕಿ ತಾನಾಗಿ ಆರುವ ಮಾತೇ ಇಲ್ಲ; ಹೆಚ್ಚಾಯಿತೆಂದರೆ ಕೊಳ್ಳಿಯನ್ನು ಹಿಂದಕ್ಕೆ ಎಳೆಯಬೇಕು. ಎಳೆಯುವುದು ಯಾರು? ಮನೆಯಲ್ಲಿ ಒಬ್ಬರು, ಹೆಚ್ಚಾಗಿ ಒಬ್ಬ ಮುದುಕಿ, ದಿನವಿಡೀ ಬಚ್ಚಲ ಕಡೆ ಒಂದು ಕಣ್ಣು ಇಟ್ಟಿರುತ್ತಿದ್ದರು. ಮಿಂದವರು ತೋಡಿಕೊಂಡಷ್ಟು ನೀರನ್ನು ತುಂಬಿಸಿಯೇ ಹೊರಬರಬೇಕು, ಬರಿಹಂಡೆ ಕಾದರೆ ಹಂಡೆ ಉಳಿಯುವುದಿಲ್ಲ. ನೀರು ನೋಡದೆ ಒಲೆಗೆ ಕಡ್ಡಿ ಇಡಕೂಡದು. ಅತ್ತೆಯ ಅತ್ತೆ ಇದನ್ನು ಹೇಳಿಕೊಟ್ಟದ್ದು ಸೌಟಿನಿಂದಂತೆ.

ಇದೇ ಮಾತನ್ನು ಅಂದೇ ಸಂಜೆ ಇನ್ನೊಬ್ಬರ ಬಾಯಲ್ಲಿ ಕೇಳಿದೆ. ಹಬ್ಬದ ನಮಸ್ಕಾರ ಹೇಳಲು ಭದ್ರಾವತಿಯ ಚಿಕ್ಕಪ್ಪನಿಗೆ ವಿಡಿಯೋ ಕಾಲ್ ಮಾಡಿದ್ದೆವು. ಚಿಕ್ಕಪ್ಪ ಕಾಗದದ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುತ್ತ ನಿವೃತ್ತರಾದವರು. ಬ್ರಿಟಿಷರು 1923ರಲ್ಲಿ ಭಾರತಕ್ಕೆ ಮಾಡಿಟ್ಟ ಬಾಯ್ಲರ್ ಕಾಯ್ದೆಯ ಕೆಳಗೆ ಪರೀಕ್ಷೆ ಕಟ್ಟಿ ಗಳಿಸಿದ ಸರ್ಟಿಫಿಕೇಟು ಅವರ ಹಾಲಿನಲ್ಲಿ ಮದುವೆಯ ಫೋಟೋಗಿಂತ ದೊಡ್ಡ ಕಟ್ಟಿನಲ್ಲಿದೆ. ಫೋನನ್ನು ನಮ್ಮ ಬಿಳಿ ಪೆಟ್ಟಿಗೆಯ ಕಡೆ ತಿರುಗಿಸಿದಾಗ ಅವರು ಬಹಳ ಹೊತ್ತು ನೋಡಿದರು. “ಪುಟ್ಟೀ, ಇದು ಬಾಯ್ಲರ್ರೇನೇ? ಇದ್ರಲ್ಲಿ ವಾಟರ್ ಗೇಜ್ ಗ್ಲಾಸ್ ಎಲ್ಲಿದೆ? ನೀರು ಕಾಣದೆ ಬೆಂಕಿ ಹಾಕ್ತೀರಾ? ನಮ್ಮಲ್ಲಿ ಹಾಗೆ ಮಾಡಿದ್ರೆ ಇನ್ಸ್‌ಪೆಕ್ಟರು ಅವತ್ತೇ ಬೀಗ ಹಾಕ್ತಿದ್ದ.” ತಾನಾಗಿ ಆರುತ್ತದೆ ಎಂದು ದೂರು ಹೇಳಿದೆವು. ಚಿಕ್ಕಪ್ಪನ ಮುಖ ಅರಳಿತು. “ಮತ್ತೆ? ನೀರು ಕಮ್ಮಿ ಆದ್ರೆ ಆರಲೇಬೇಕು. ಆರದಿದ್ರೆ ನನಗೆ ಫೋನ್ ಮಾಡೋಕೆ ನೀವಿರ್ತಿರ್ಲಿಲ್ಲ.”

ಚಿಕ್ಕಪ್ಪನ ಮಾತಿನ ಹಿಂದೆ ಇನ್ನೂರು ವರ್ಷದ ಕಥೆಯಿದೆ. 1803ರಲ್ಲಿ ಲಂಡನ್ ಪಕ್ಕದ ಗ್ರೀನಿಚ್‌ನಲ್ಲಿ, ಕಾರ್ನ್‌ವಾಲಿನ ಎಂಜಿನಿಯರ್ ರಿಚರ್ಡ್ ಟ್ರೆವಿಥಿಕ್ ಕಟ್ಟಿದ ಹಬೆಯಂತ್ರವೊಂದು ನೀರೆತ್ತುತ್ತಿತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಹುಡುಗನನ್ನು ಇಟ್ಟಿದ್ದರು. ಹುಡುಗರು ಹುಡುಗರೇ. ಪಾಯದ ನೀರಿನಲ್ಲಿ ಹಾವುಮೀನು ಕಂಡಿರಬೇಕು, ಹಿಡಿಯಲು ಹೋದ. ಯಂತ್ರವನ್ನು ನೋಡಿಕೋ ಎಂದು ಒಬ್ಬ ಕೂಲಿಯಾಳಿಗೆ ಹೇಳಿ ಹೋದ. ಯಂತ್ರ ಜೋರಾಗಿ ಓಡುತ್ತಿದೆ ಎಂದು ಆ ಆಳು ಅದನ್ನು ನಿಲ್ಲಿಸಿದ. ನಿಲ್ಲಿಸಿದ್ದು ಯಂತ್ರವನ್ನು, ಕೆಳಗಿನ ಬೆಂಕಿಯನ್ನಲ್ಲ. ಹಬೆ ಹೊರಬಿಡಬೇಕಾದ ಕವಾಟಕ್ಕೆ ಸ್ಪ್ಯಾನರ್ ಸಿಕ್ಕಿಸಿ ಬಿಗಿದಿತ್ತು. ಸ್ವಲ್ಪ ಹೊತ್ತಿಗೆ ಬಾಯ್ಲರ್ ಸಿಡಿದು ನಾಲ್ಕು ಜನ ಸತ್ತರು. ಟ್ರೆವಿಥಿಕ್‌ನ ಎದುರಾಳಿಗಳಿಗೆ ಹಬ್ಬವಾಯಿತು. ಅವನು ಸುಮ್ಮನೆ ಕೂರದೆ ಬಾಯ್ಲರಿನ ಲೋಹದಲ್ಲಿ ಒಂದು ತೂತು ಕೊರೆದು ಸೀಸದ ಬಿರಡೆ ಜಡಿಯುವ ಉಪಾಯ ತಂದ. ಮೇಲೆ ನೀರಿರುವವರೆಗೆ ಸೀಸ ಕರಗುವುದಿಲ್ಲ. ನೀರು ಇಳಿದರೆ ಬೆಂಕಿಯ ಕಾವಿಗೆ ಕರಗಿ, ತೂತಿನಿಂದ ಹಬೆ ಬೆಂಕಿಯ ಮೇಲೆ ನುಗ್ಗಿ ಒಳಗಿನ ಒತ್ತಡ ಇಳಿಯುತ್ತದೆ. ನೋಡಿಕೊಳ್ಳುವವನು ಮೀನಿಗೆ ಹೋದರೂ ಬಾಯ್ಲರ್ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ನಮ್ಮ ಅಡುಗೆಮನೆಯ ಪೆಟ್ಟಿಗೆ ಟಕ್ ಎನ್ನುವುದು ಈ ಸೀಸದ ಬಿರಡೆಯ ವಂಶದಿಂದ ಬಂದ ಗುಣ. ಈಗಿನ ಬಾಯ್ಲರಿನ ಬುದ್ಧಿಯೆಲ್ಲ ಉರಿಯುವುದರಲ್ಲಿಲ್ಲ, ಒಲ್ಲೆನೆನ್ನುವುದರಲ್ಲಿದೆ. ಗಾಳಿ ಸಾಲದಿದ್ದರೆ ಒಲ್ಲೆ, ಜ್ವಾಲೆ ಕಾಣದಿದ್ದರೆ ಒಲ್ಲೆ, ಬಿಸಿ ಹೆಚ್ಚಾದರೆ ಒಲ್ಲೆ, ನೀರು ಕಡಿಮೆಯಾದರೆ ಒಲ್ಲೆ. ದಿನವಿಡೀ ಬಚ್ಚಲ ಕಡೆ ಕಣ್ಣಿಟ್ಟ ಮುದುಕಿಯ ಕೆಲಸ ಅದು. ಮುದುಕಿ ಬೈದು ಹೇಳುತ್ತಿದ್ದರು. ಇದು ಸಂಕೇತದಲ್ಲಿ ಹೇಳುತ್ತದೆ. ನನಗೆ ಬೈಗುಳವೇ ಹೆಚ್ಚು ಸ್ಪಷ್ಟವೆನಿಸುತ್ತದೆ.

ರೋಗ ಪತ್ತೆಯಾದದ್ದು ಕನ್ನಡ ಸಂಘದ ದೀಪಾವಳಿ ಊಟದಲ್ಲಿ. ಶಾಲೆಯೊಂದರ ಸಭಾಂಗಣ, ಮಡಚುವ ಕುರ್ಚಿಗಳು, ಕಾಗದದ ತಟ್ಟೆಯಲ್ಲಿ ಬಿಸಿಬೇಳೆಬಾತು. ಈ ದೇಶದಲ್ಲಿ ಕನ್ನಡಿಗರು ನಾಲ್ಕು ಜನ ಸೇರಿದರೆ ಇಬ್ಬರು ಸಾಫ್ಟ್‌ವೇರ್, ಒಬ್ಬರು ಡಾಕ್ಟರು, ಇನ್ನೊಬ್ಬರು ಡಾಕ್ಟರ ಮನೆಯವರು. ಸಾಫ್ಟ್‌ವೇರಿನವರು ಒಂದೇ ದನಿಯಲ್ಲಿ “ಆಫ್ ಮಾಡಿ ಆನ್ ಮಾಡಿ” ಎಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರಾಗಿರುವ ಹಿರಿಯರೊಬ್ಬರು ಮಾತ್ರ ಚಮಚ ಕೆಳಗಿಟ್ಟು ನಮ್ಮವರನ್ನು ವಿಚಾರಿಸಿಕೊಂಡರು.

“ಪ್ರೆಶರ್ ಯಾವಾಗ ನೋಡ್ತೀರಿ?”

“ಬೆಳಿಗ್ಗೆ, ತಣ್ಣಗಿದ್ದಾಗ.”

“ಬಿಸಿಯಾಗಿ ಓಡ್ತಿದ್ದಾಗ ನೋಡಿದ್ದೀರಾ?”

“ಒಂದ್ಸಲ ನೋಡಿದೆ. ಮೂರರ ಹತ್ತಿರ ಹೋಗಿತ್ತು.”

“ಅಂದ್ರೆ ಏರಿದ್ರೆ ಸಿಕ್ಕಾಪಟ್ಟೆ ಏರತ್ತೆ, ಇಳಿದ್ರೆ ಸೊನ್ನೆ. ರಕ್ತನಾಳ ಗಟ್ಟಿಯಾದ ಪೇಷೆಂಟು ಕಣ್ರೀ. ಎಲ್ಲೋ ಬ್ಲೀಡಿಂಗ್ ಇದೆ. ಒಳಗೆ ಕಾಣಿಸ್ತಿಲ್ಲ ಅಂದ್ರೆ ಹೊರಗೆ. ಮನೆ ಹಿಂದೆ ಹೋಗಿ ಗೋಡೆ ನೋಡಿ.”

ಹೋಗಿ ನೋಡಿದರೆ, ಬಾಯ್ಲರಿನ ನೇರ ಹಿಂದೆ, ಇಟ್ಟಿಗೆಯಿಂದ ಬೆರಳುದ್ದ ಹೊರಚಾಚಿ ಗೋಡೆಯತ್ತ ಬಾಗಿದ ತಾಮ್ರದ ಕೊಳವೆ. ಅದರ ಕೆಳಗೆ ಮೊಳದುದ್ದ ಹಸಿರು ಪಾಚಿ.

ರಿಪೇರಿಗೆ ಬಂದ ಹುಡುಗ ಚಹಾಕ್ಕೆ ಎರಡು ಚಮಚ ಸಕ್ಕರೆ ಕೇಳಿದ. ಅತ್ತೆ ಫಿಲ್ಟರ್ ಕಾಫಿಯ ಜೊತೆ ಚಕ್ಕುಲಿ ಕೊಟ್ಟರು. ಈ ದೇಶದಲ್ಲಿ ಗ್ಯಾಸಿನ ಕೆಲಸಕ್ಕೆ ಬರುವವರ ಹೆಸರು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಇರಲೇಬೇಕು. 2009ರ ಏಪ್ರಿಲ್‌ವರೆಗೆ ಕಾರ್ಗಿ ಎಂಬ ಪಟ್ಟಿಯಿತ್ತು, ಹಳಬರು ಇನ್ನೂ ಅದೇ ಹೆಸರು ಹೇಳುತ್ತಾರೆ. ಕೊರಳಲ್ಲಿ ಫೋಟೋ ಇರುವ ಕಾರ್ಡು. ಕಾರ್ಡಿನ ಬೆನ್ನಲ್ಲಿ ಯಾವ ಯಾವ ಕೆಲಸಕ್ಕೆ ಅರ್ಹ ಎಂದು ಬರೆದಿರುತ್ತದೆ. ನಮ್ಮವರು ಕಾರ್ಡು ತಿರುಗಿಸಿ ನೋಡಿದ್ದಕ್ಕೆ ಅವನು ಬೇಸರಿಸಲಿಲ್ಲ, “ಹೀಗೆ ನೋಡುವವರೇ ಇಲ್ಲ” ಎಂದು ಖುಷಿಪಟ್ಟ.

ಅವನು ಪಾಚಿ ನೋಡಿ ಬಂದು, ಮುಚ್ಚಳ ತೆಗೆದು, ಒಳಗೆ ಹಿಂಬದಿಯಲ್ಲಿದ್ದ ಒಂದು ಚಪ್ಪಟೆ ಕೆಂಪು ಡಬ್ಬಿಯನ್ನು ತೋರಿಸಿದ. ಅದರ ಬದಿಗೆ ಕಾರಿನ ಟೈರಿಗಿರುವಂಥದೇ ವಾಲ್ವು. ಆ ವಾಲ್ವಿನ ಕಡ್ಡಿಯನ್ನು ಉಗುರಿನಿಂದ ಒತ್ತಿದ. ಗಾಳಿ ಬರಬೇಕಿತ್ತು, ಕಪ್ಪು ನೀರು ಚಿಮ್ಮಿತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ಸೆರಗು ಎತ್ತಿಕೊಂಡರು. ಹುಡುಗ ಲೊಚಗುಟ್ಟಿದ. ಇಲ್ಲಿನ ರಿಪೇರಿಯವರು ಲೊಚಗುಟ್ಟಿದರೆ ನೂರು ಪೌಂಡಿಗೆ ಕಡಿಮೆಯಿಲ್ಲ ಎಂದು ತಿಳಿಯಬೇಕು.

ವಿಷಯ ಇಷ್ಟೇ. ನೀರು ಕಾದರೆ ಹಿಗ್ಗುತ್ತದೆ. ಹತ್ತು ಡಿಗ್ರಿಯ ನೂರು ಲೀಟರ್ ನೀರನ್ನು ಎಂಬತ್ತಕ್ಕೆ ಕಾಯಿಸಿದರೆ ಹತ್ತಿರ ಹತ್ತಿರ ಮೂರು ಲೀಟರ್ ಹೆಚ್ಚುತ್ತದೆ. ಮುಚ್ಚಿದ ಪೈಪುಗಳಲ್ಲಿ ಆ ಹೆಚ್ಚಿಗೆ ನೀರಿಗೆ ಜಾಗ ಬೇಕಲ್ಲ, ಅದಕ್ಕೇ ಈ ಡಬ್ಬಿ. ನಡುವೆ ರಬ್ಬರ್ ಪೊರೆ, ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ನೀರು ಹಿಗ್ಗಿದಾಗ ಗಾಳಿ ಕುಗ್ಗಿ ಜಾಗ ಬಿಡುತ್ತದೆ, ತಣಿದಾಗ ನೀರನ್ನು ಹಿಂದಕ್ಕೆ ತಳ್ಳುತ್ತದೆ. ನಮ್ಮದರ ಪೊರೆ ಹರಿದು ಡಬ್ಬಿ ತುಂಬ ನೀರಾಗಿತ್ತು. ಹಿಗ್ಗಲು ಎಡೆಯಿಲ್ಲದ ನೀರು ಒತ್ತಡವನ್ನು 3 ಬಾರ್‌ಗೆ ಏರಿಸಿದಾಗ ಕ್ಷೇಮದ ಕವಾಟ ತೆರೆದು ಗೋಡೆಯಾಚೆಗೆ ಉಗುಳುತ್ತಿತ್ತು. ಬೆಂಕಿ ನಿಂತು ತಣಿದಾಗ ಉಗುಳಿದಷ್ಟು ನೀರು ಕಡಿಮೆ, ಒತ್ತಡ ಸೊನ್ನೆ, ಟಕ್. ಬೆಳಿಗ್ಗೆ ನಮ್ಮವರು ತಿರುಪು ತಿರುಗಿಸಿ ಅದಕ್ಕೆ ಮತ್ತೆ ಉಗುಳಲು ನೀರು ಕೊಡುತ್ತಿದ್ದರು. ಹೊಸ ನೀರಿನ ಜೊತೆ ಹೊಸ ಆಮ್ಲಜನಕವೂ ಹೋಗಿ ರೇಡಿಯೇಟರುಗಳು ಒಳಗೊಳಗೇ ತುಕ್ಕು ಹಿಡಿಯುತ್ತವೆ, ಆಗಾಗ ತುಂಬಿಸಬೇಕಾಗಿ ಬಂದರೆ ಕಾರಣ ಹುಡುಕಿ ಎಂದು ಹುಡುಗ ಹೇಳಿದ. ಹೊಸ ಡಬ್ಬಿ ಹಾಕಿದ, ಒಮ್ಮೆ ತೆರೆದ ಕವಾಟ ಕಸ ಸಿಕ್ಕಿ ಮತ್ತೆ ಸರಿಯಾಗಿ ಮುಚ್ಚುವುದು ಕಷ್ಟವೆಂದು ಅದನ್ನೂ ಬದಲಿಸಿದ. ಬಿಲ್ಲನ್ನು ಅತ್ತೆ ರೂಪಾಯಿಗೆ ಗುಣಿಸಿ ನೋಡಿ, ಅಷ್ಟಕ್ಕೆ ಊರಿನಲ್ಲಿ ತಾಮ್ರದ ಹಂಡೆಗಳು ಎಷ್ಟು ಬರುತ್ತವೆ ಎಂದು ಲೆಕ್ಕ ಹಾಕಿದರು. “ಕುಡೀತದೆ ಅಂದಿದ್ದೆ. ಉಗುಳ್ತಾನೂ ಇತ್ತು” ಎಂದು ಮಗನಿಗೆ ಹೇಳಿದರು.

ಹೊರಡುವ ಮೊದಲು ಹುಡುಗ ಚಾವಣಿಯ ಕೆಳಗಿನ ಕಾರ್ಬನ್ ಮಾನಾಕ್ಸೈಡ್ ಅಲಾರಮ್ಮಿನ ಗುಂಡಿ ಒತ್ತಿ ಕೂಗಿಸಿ ನೋಡಿದ. ಬಾಡಿಗೆ ಮನೆಯಾದರೆ ಗ್ಯಾಸ್ ಬಾಯ್ಲರ್ ಇರುವ ಕೋಣೆಯಲ್ಲಿ ಈ ಅಲಾರಂ ಇರಲೇಬೇಕೆಂದು ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರಿನಿಂದ ಕಾನೂನಿದೆ. ಆಗ ನನಗೆ ಬೆಂಗಳೂರು ನೆನಪಾಯಿತು. ಇಲ್ಲಿನ ಬಾಯ್ಲರ್ ಉರಿಯಲು ಬೇಕಾದ ಗಾಳಿಯನ್ನು ಗೋಡೆಯಾಚೆಯಿಂದ ಎಳೆದುಕೊಳ್ಳುತ್ತದೆ, ಹೊಗೆಯನ್ನೂ ಅಲ್ಲಿಗೇ ಬಿಡುತ್ತದೆ. ಕೋಣೆಯ ಗಾಳಿಯನ್ನು ಮುಟ್ಟುವುದಿಲ್ಲ. ನಮ್ಮೂರುಗಳಲ್ಲಿ ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಿನೊಳಗೇ ಗ್ಯಾಸ್ ಗೀಜರ್ ನೇತುಹಾಕಿ, ಮೀಯುವವರು ಉಸಿರಾಡುವ ಗಾಳಿಯನ್ನೇ ಅದಕ್ಕೂ ಉಣಿಸುತ್ತಾರೆ. ಸ್ನಾನಕ್ಕೆ ಹೋದವರು ಹೊರಬರದ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ಬರುತ್ತಲೇ ಇರುತ್ತದೆ. ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದ, ಬಣ್ಣವಿಲ್ಲದ ವಿಷ. ಹಬ್ಬಕ್ಕೆ ಊರಿಗೆ ಫೋನ್ ಮಾಡಿದಾಗ ಗೀಜರ್ ಎಲ್ಲಿದೆ ಎಂದು ಕೇಳುವುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದೇನೆ. ಒಳಗಿದೆ ಎಂದವರಿಗೆ ಅದು ಹೊರಗೆ ಬರುವವರೆಗೂ ಫೋನ್ ಮಾಡುತ್ತಿರುತ್ತೇನೆ.

ಪಕ್ಕದ ಮನೆಯ ಅಜ್ಜನಿಗೆ ಪೊರೆ ಹರಿದ ಡಬ್ಬಿಯನ್ನು ತೋರಿಸಿದೆವು. ತಿರುಗಿಸಿ ಮುರುಗಿಸಿ ನೋಡಿದರು. ಹೆಪ್ಪುಗಟ್ಟಿಯೇ ಹರಿದಿರಬೇಕು ಎಂದರು. ಜನವರಿಯಲ್ಲಿ ಒಂದು ರಾತ್ರಿ ಮೈನಸ್ ಆರಕ್ಕೆ ಇಳಿದು ನಮ್ಮ ಪೈಪು ನಿಜವಾಗಿಯೂ ಕಟ್ಟಿಕೊಂಡಿತು. ಬೆಳಗಾಗುವ ಮೊದಲೇ ಅವರು ಜಗ್ಗು ಹಿಡಿದು ಹಿತ್ತಿಲಲ್ಲಿ ನಿಂತಿದ್ದರು. ಅಂದಿನಿಂದ ಅವರ ಮಾತಿಗೆ ನಮ್ಮ ಮನೆಯಲ್ಲಿ ಎದುರಾಡುವವರಿಲ್ಲ.

ಇಂಗ್ಲೆಂಡಿಗೆ ಹೊಸದಾಗಿ ಬಂದು ಮನೆ ಮಾಡುವ ಕನ್ನಡಿಗರಿಗೆ ನನ್ನದೊಂದು ಮಾತು. ಸೆಪ್ಟೆಂಬರಿನಲ್ಲಿ, ಇನ್ನೂ ತೋಳಿಲ್ಲದ ಅಂಗಿ ಹಾಕಿಕೊಂಡು ಓಡಾಡುವಾಗಲೇ, ಅರ್ಧ ಗಂಟೆ ಹೀಟಿಂಗ್ ಹಾಕಿ ನೋಡಿ. ಆಗ ರಿಪೇರಿಯವರು ಕರೆದ ವಾರವೇ ಬರುತ್ತಾರೆ. ಡಿಸೆಂಬರಿನಲ್ಲಿ ಫೋನನ್ನೂ ಎತ್ತುವುದಿಲ್ಲ. ಒಂದು ಬಕೆಟ್ಟು ಕೊಂಡಿಡಿ. ಚತುರ್ದಶಿಯ ಬೆಳಿಗ್ಗೆ ಮುಳ್ಳು ಹಸಿರಿನಲ್ಲಿದೆಯೇ ನೋಡಿಕೊಂಡು ಆಮೇಲೆ ಎಣ್ಣೆ ಹಚ್ಚಿಕೊಳ್ಳಿ.